ಗುರುಮಲ್ಲ ಪ್ರಾಣಿ ಬಿಟ್ಟಿದ್ದು

ಹತ್ತಿರ ಬನ್ನಿ, ಇನ್ನೊಂಚೂರು ಹತ್ತಿರ. ನಗು ಬಂದರೆ ನಕ್ಕುಬಿಡಿ, ಒಳಗೇ ಇಟ್ಟುಕೊಂಡರೆ ಹೊಟ್ಟೆ ನೋಯುತ್ತೆ.

ಕೊಳ್ಳೇಗಾಲದ ಒಂದು ಬೀದೀಲಿ ಮಾದವ್ವ ಅಂತ ಒಬ್ಬಳು ಬೋಂಡ ಬೇಯಿಸಿ ಮಾರಿಕೊಂಡಿದ್ದಳು. ಅವಳಿಗೆ ಒಬ್ಬನೇ ಮಗ, ಗುರುಮಲ್ಲ. ಇಪ್ಪತ್ತಾರು ವರ್ಷ, ಆರಡಿ ಎತ್ತರ, ಬೆಣ್ಣೆಯಂಥ ಮನಸ್ಸು. ತಲೆ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಚೆನ್ನಾಗಿತ್ತು. ಹೇಳಿದ ಮಾತನ್ನ ಹೇಳಿದ ಹಾಗೇ ಮಾಡೋನು. ಅದೇ ತೊಂದರೆ! ಟೈಲರ್ ಅಂಗಡಿಯವರು ಕೆಲಸಕ್ಕಿಟ್ಟುಕೊಂಡು, "ಊಟ ಮಾಡ್ಕೊಂಡು ಬರ್ತೀನಿ, ಬಾಗಿಲು ನೋಡ್ಕೊಂಡಿರು" ಅಂದರು. ಇವನು ಬಾಗಿಲನ್ನೇ ನೋಡ್ತಾ ಕೂತ. ಕಿಟಕಿಯಿಂದ ಇಳಿದ ಕಳ್ಳ ನಾಲ್ಕು ಪ್ಯಾಂಟು ಹೊತ್ತುಕೊಂಡು ಅದೇ ಬಾಗಿಲಿಂದ ಹೊರಗೆ ಹೋದ. ಇವನು ಅದನ್ನೂ ನೋಡಿದ! ಅವತ್ತೇ ಕೆಲಸ ಹೋಯ್ತು.

ಒಂದು ಭಾನುವಾರ ಬೆಳಿಗ್ಗೆ ಮಾದವ್ವ, "ಲೋ ಮಲ್ಲಾ, ಸಂತೇಗೆ ಹೋಗಿ ಒಂದು ಕೋಳಿ ತಗೊಂಡು ಬಾ. ಹೋದ ಸಲದ್ದು ಕೂಗಿ ಕೂಗಿ ಬೀದಿ ಎಬ್ಬಿಸ್ತು. ಈ ಸಲ ಸದ್ದು ಮಾಡದ್ದನ್ನ ತಾ" ಅಂದಳು.

"ಆಯ್ತವ್ವಾ, ಹಂಗೇ ಮಾಡ್ತೀನಿ."

ಹೋದ, ತಂದ. ಕೋಳಿ ಸದ್ದೇ ಮಾಡಲಿಲ್ಲ. ಹೇಗೆ ಮಾಡುತ್ತೆ? ಸತ್ತು ಎರಡು ದಿನ ಆಗಿತ್ತು!

"ಅಯ್ಯೋ ನನ್ನ ಮುತ್ತೇ, ನಿನ್ನ ತಲೆ ಒಳಗೆ ಏನೈತ್ಲಾ?" ಮಾದವ್ವ ಹಣೆ ಚಚ್ಚಿಕೊಂಡಳು. "ಏನೇ ಆರಿಸಿದ್ರೂ ಜೀವ ಇರೋದ್ನ ನೋಡಿ ಆರಿಸ್ಬೇಕು ಕಣ್ಲಾ! ಜೀವ ಇರೋದ್ನ!"

"ಆಯ್ತವ್ವಾ, ಹಂಗೇ ಮಾಡ್ತೀನಿ."

ಬೋಂಡದ ಅಂಗಡಿಯ ಮೇಲಿನ ಮಾಳಿಗೇಲಿ ಸುಂದರಣ್ಣನ ಆಟದ ಸಾಮಾನಿನ ಅಂಗಡಿ. ಅವತ್ತು ಅಲ್ಲಿ ಕಾರ್ಡಿನ ಟೂರ್ನಮೆಂಟು. ಇಸ್ಪೀಟಲ್ಲ, ಬೇರೆ. ಅವರವರ ಅರವತ್ತು ಕಾರ್ಡಿನ ಕಟ್ಟು ಅವರವರೇ ಜೋಡಿಸಿಕೊಂಡು ಬರಬೇಕು. ಕೆಲವು ಕಾರ್ಡು ನೆಲ, ಕೆಲವು ಪ್ರಾಣಿ, ಕೆಲವು ಮಂತ್ರ, ಕೆಲವು ಆಯುಧ. ಇಬ್ಬರಿಗೂ ಇಪ್ಪತ್ತಿಪ್ಪತ್ತು ಉಸಿರು. ನೆಲ ಹಾಕಿ, ಅದರ ಬಲದ ಮೇಲೆ ಪ್ರಾಣಿ ಇಳಿಸಿ, ಆ ಪ್ರಾಣಿ ನುಗ್ಗಿಸಿ ಎದುರಿನವನ ಉಸಿರು ಕಳೆಯಬೇಕು. ಉಸಿರು ಮುಗಿದವನು ಸೋತ.

ಎಂಟು ಜನ ಬೇಕಿತ್ತು, ಏಳು ಜನ ಬಂದಿದ್ದರು. ಸುಂದರಣ್ಣ ತಲೆ ಕೆರೆದುಕೊಳ್ತಾ ನಿಂತಿದ್ದಾಗ ಗುರುಮಲ್ಲ ಬೋಂಡದ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬಂದ.

"ಬಾರಯ್ಯ, ನೀನೇ ಎಂಟನೆಯವನು!"

ಮಾದವ್ವ ಕೆಳಗಿಂದಲೇ ಕೂಗಿದಳು. "ಬ್ಯಾಡ ಸುಂದರಣ್ಣ! ನನ್ನ ಮಗ ಏನಾರ ಎಡವಟ್ಟು ಮಾಡ್ತಾನೆ!"

"ಮಾಡಲಿ ಬಿಡು ಮಾದವ್ವ. ಸೋತರೂ ಗೆದ್ದರೂ ಒಂದು ಜಗಳ ಇಲ್ಲದೆ ಆಡಿ ಮುಗಿಸಿದರೆ ನಾಳೆಯಿಂದ ನನ್ನ ಅಂಗಡೀಲೇ ಕೂರಿಸ್ಕೋತೀನಿ. ನನಗೂ ಒಬ್ಬ ಬೇಕು."

ಮಾದವ್ವನ ಕೈಲಿದ್ದ ಜಾಲರಿ ಎಣ್ಣೆ ಮೇಲೆ ಹಾಗೇ ನಿಂತುಹೋಯ್ತು. ಮಗನಿಗೆ ಕೆಲಸ! ಫ್ಯಾನಿನ ಕೆಳಗೆ, ಕುರ್ಚಿ ಮೇಲೆ! "ಮಾದಪ್ಪಾ, ಇದೊಂದು ದಿನ ಕಾಪಾಡಪ್ಪಾ" ಅಂತ ಕೈ ಮುಗಿದಳು.

ಸುಂದರಣ್ಣ ಒಂದು ಟ್ರಂಕು ತುಂಬ ಹಳೇ ಕಾರ್ಡು ತಂದು ಸುರಿದ. "ಆರಿಸ್ಕೋ ಅರವತ್ತು."

ಗುರುಮಲ್ಲನಿಗೆ ಅವ್ವನ ಮಾತು ನೆನಪಿತ್ತು. ಹುಲಿ ಆರಿಸಿದ. ಕರಡಿ ಆರಿಸಿದ. ನರಿ, ಮೊಲ, ಆನೆ, ಮುಳ್ಳುಹಂದಿ. ಒಳ್ಳೊಳ್ಳೆ ಕತ್ತಿ ಬಂತು, ಪಕ್ಕಕ್ಕಿಟ್ಟ. ಭಾರೀ ಸಿಡಿಲಿನ ಮಂತ್ರ ಬಂತು, ಅದನ್ನೂ ಪಕ್ಕಕ್ಕಿಟ್ಟ.

"ಮಂತ್ರ ಬೇಡವೇನಯ್ಯ? ಆಯುಧ ಬೇಡವೇನಯ್ಯ?"

"ಅದಕ್ಕೆ ಜೀವ ಇಲ್ಲವಲ್ಲ ಸುಂದರಣ್ಣ!"

"ಮತ್ತೆ ನೆಲ? ನೆಲ ಇಲ್ಲದಿದ್ದರೆ ಆಟಾನೇ ಇಲ್ಲ."

ಗುರುಮಲ್ಲ ಬಹಳ ಹೊತ್ತು ಯೋಚನೆ ಮಾಡಿದ. "ನೆಲದಲ್ಲಿ ಹುಲ್ಲು ಬೆಳೀತದೆ. ಹಂಗಾದ್ರೆ ಜೀವ ಐತೆ. ಕೊಡು!"

ಇಪ್ಪತ್ತು ನೆಲ, ನಲವತ್ತು ಪ್ರಾಣಿ. ಕಟ್ಟು ಅಂದರೆ ಕಟ್ಟಲ್ಲ, ಕೊಟ್ಟಿಗೆ!

ಮೊದಲ ಆಟ ವಿಶ್ವಾರಾಧ್ಯರ ಎದುರು. ಬ್ಯಾಂಕಿನ ಗುಮಾಸ್ತರು, ದೊಡ್ಡ ಹೊಟ್ಟೆ, ಸೊಂಟ ಸ್ವಲ್ಪ ಸೂಕ್ಷ್ಮ. ಸುಂದರಣ್ಣ ಹೇಳಿಕೊಟ್ಟ. "ನೋಡು, ಮೊದಲು ನೆಲ, ಆಮೇಲೆ ಪ್ರಾಣಿ. ಒಂದೊಂದಾಗಿ ಕೆಳಗಿಳಿಸು."

ಗುರುಮಲ್ಲ ಒಂದೊಂದಾಗಿ ಕೆಳಗಿಳಿಸಿದ. ಎಲ್ಲಿಗೆ? ಮೇಜಿನ ಕೆಳಗೆ! ನೆಲದ ಕಾರ್ಡು ನೆಲದ ಮೇಲೆ, ಅದರ ಪಕ್ಕ ಪ್ರಾಣಿ.

"ಏನಪ್ಪಾ ಇಳಿಸಿದೆ?" ಆರಾಧ್ಯರು ಬಗ್ಗಿ ನೋಡಿದರು.

"ಕರಡಿ ಸಾರ್."

ಮತ್ತೆ ಬಗ್ಗಿದರು. "ಈಗ?"

"ತೋಳ ಸಾರ್."

ಮತ್ತೆ ಬಗ್ಗಿದರು. "ಈಗ?"

"ಇನ್ನೊಂದು ತೋಳ ಸಾರ್. ಅದರ ತಮ್ಮ."

ಏಳನೇ ಸಲ ಬಗ್ಗಿದವರು ಮೇಲೆ ಏಳಲೇ ಇಲ್ಲ. "ಅಯ್ಯಯ್ಯೋ, ಹಿಡ್ಕೊಂತು! ಸೊಂಟ ಹಿಡ್ಕೊಂತು! ನಾನು ಸೋತೆ ಕಣಯ್ಯಾ, ಎತ್ತಿ ನನ್ನ!" ನಾಲ್ಕು ಜನ ಎತ್ತಿ ಬೆಂಚಿನ ಮೇಲೆ ಮಲಗಿಸಿದರು. ಎತ್ತೋ ಗಡಿಬಿಡೀಲಿ ಯಾರೋ ಕರಡಿ ಮೇಲೆ ಕಾಲಿಟ್ಟು ಅದರ ಮೂತಿ ಸೊಟ್ಟಗಾಯ್ತು.

ಗೆದ್ದ ಸುದ್ದಿ ಕೇಳಿ ಮಾದವ್ವ ಹಿಗ್ಗಿದಳು. ಹೇಗೆ ಗೆದ್ದ ಅಂತ ಕೇಳಿ ಕುಗ್ಗಿದಳು. "ಅಯ್ಯೋ ನನ್ನ ಮುತ್ತೇ, ನಿನ್ನ ತಲೆ ಒಳಗೆ ಏನೈತ್ಲಾ? ಕಾಲ್ತುಳಿತಕ್ಕೆ ಸಿಕ್ಕೋ ಹಂಗೆ ಇಡ್ತಾರೇನ್ಲಾ? ಮನೇಗೆ ನೆಂಟ್ರು ಬಂದ್ರೆ ಏನ್ ಮಾಡ್ತೀವಿ? ಮ್ಯಾಲೆ ಕೂರಿಸ್ತೀವಿ, ಕುಡಿಯಾಕೆ ನೀರು ಕೊಡ್ತೀವಿ, ದಣಿವಾರಿಸ್ಕೊಳ್ಳಾಕೆ ಬಿಡ್ತೀವಿ. ಆಮ್ಯಾಕೆ ತಾನೆ ಕೆಲಸ ಹೇಳೋದು? ಹಂಗೆ ಮಾಡ್ಬೇಕು!"

"ಆಯ್ತವ್ವಾ, ಹಂಗೇ ಮಾಡ್ತೀನಿ."

ಎರಡನೇ ಆಟ ಲಾವಣ್ಯ ಅನ್ನೋ ನರ್ಸಿಂಗ್ ಓದೋ ಹುಡುಗಿಯ ಎದುರು. ಗುರುಮಲ್ಲ ಬರುವಾಗ ಅವ್ವನ ಅಂಗಡಿಯ ಪೇಪರ್ ಲೋಟಗಳ ಒಂದು ಕಟ್ಟನ್ನೇ ಎತ್ತಿಕೊಂಡು ಬಂದ, ಜೊತೆಗೆ ಒಂದು ಬಿಂದಿಗೆ ನೀರು.

ಆನೆ ಇಳಿಸಿದ, ಈ ಸಲ ಮೇಜಿನ ಮೇಲೇ. "ಬಾರಪ್ಪಾ ಆನೆ, ಕೂತ್ಕೋ. ಬಿಸಿಲಲ್ಲಿ ಬಂದಿದ್ದೀಯ." ಒಂದು ಲೋಟ ನೀರು. ಹುಲಿ ಇಳಿಸಿದ. "ಬಾರಪ್ಪಾ ಹುಲಿ, ನೀನೂ ಕುಡಿ." ಒಂದು ಲೋಟ ನೀರು. ಮುಳ್ಳುಹಂದಿಗೂ ಒಂದು ಲೋಟ, ಗಿಡುಗನಿಗೂ ಒಂದು ಲೋಟ.

"ಸುಂದರಣ್ಣಾ, ಇದೇನಿದು!" ಅಂದಳು ಲಾವಣ್ಯ.

ಸುಂದರಣ್ಣ ಪುಸ್ತಕ ತಿರುವಿ ನೋಡಿದ. "ಹೊಸದಾಗಿ ಬಂದ ಪ್ರಾಣಿ ಒಂದು ಸರದಿ ಸುಮ್ಮನಿರಬೇಕು ಅಂತ ನಿಯಮ ಇದೆಯಮ್ಮ. ನೀರು ಕುಡೀಬಾರದು ಅಂತ ಎಲ್ಲೂ ಬರೆದಿಲ್ಲ."

ಲೋಟ ಏರಿತು, ಏರಿತು, ಮೇಜು ತುಂಬಿತು. ಲಾವಣ್ಯಳಿಗೆ ತನ್ನ ಕಾರ್ಡು ಇಡೋಕೆ ಜಾಗವೇ ಇಲ್ಲ, ತೊಡೆ ಮೇಲೆ ಇಟ್ಟುಕೊಂಡು ಆಡಿದಳು. ನಗು ಬಂದು ಬಂದು ಲೆಕ್ಕವೆಲ್ಲ ತಪ್ಪಿತು. ಅಷ್ಟರಲ್ಲಿ ನೀರು ಕುಡಿದು ದಣಿವಾರಿಸಿಕೊಂಡ ಒಂಬತ್ತು ಪ್ರಾಣಿ ಸಾಲಾಗಿ ನುಗ್ಗಿದವು. ಅವಳ ಹೆಬ್ಬಾವು ಅಡ್ಡ ಬಂದು ಆನೆಯನ್ನ ಸುತ್ತಿಕೊಂಡಿತು, ಮಿಕ್ಕ ಎಂಟು ಅವಳ ಉಸಿರೆಲ್ಲ ಮುಗಿಸಿದವು.

"ನೀವೇ ಗೆದ್ರಿ ಅಣ್ಣಾ. ಆದರೆ ನಿಮ್ಮ ಆನೆ ಸತ್ತಿತು, ಅದನ್ನ ಸ್ಮಶಾನಕ್ಕೆ ಹಾಕಿ" ಅಂದಳು. ಆ ಆಟದಲ್ಲಿ ಸತ್ತ ಕಾರ್ಡು ಇಡೋ ಪಕ್ಕದ ಜಾಗಕ್ಕೆ ಹಾಗೇ ಹೆಸರು.

ಗುರುಮಲ್ಲನ ಮುಖ ಬಾಡಿಹೋಯ್ತು. ಆನೆಯನ್ನ ಎರಡೂ ಅಂಗೈ ಮೇಲೆ ಮಲಗಿಸಿಕೊಂಡು, ತಲೆ ತಗ್ಗಿಸಿ, ಮೆಟ್ಟಿಲಿಳಿದು ಹೋದ.

ಫೈನಲ್ಲಿಗೆ ಹತ್ತೇ ನಿಮಿಷ. ಗುರುಮಲ್ಲ ಎಲ್ಲಿ? ಇಲ್ಲ! ಕಕ್ಕಸಿನಲ್ಲಿ? ಇಲ್ಲ! ಮಾದವ್ವ ಒಲೆ ಬಿಟ್ಟು ಓಡಿದಳು. ಎಣ್ಣೆ ಮಿಲ್ಲು ದಾಟಿ ಸುಡುಗಾಡಿನ ದಾರೀಲಿ ಮಗ ಹೋಗ್ತಾ ಇದ್ದಾನೆ! ಕಂಕುಳಲ್ಲಿ ಗುದ್ದಲಿ, ಕಾರ್ಡಿನ ಮೇಲೆ ಎರಡು ಚೆಂಡುಹೂವು.

"ಎಲ್ಲಿಗ್ಲಾ?"

"ಆನೆ ಮಣ್ಣು ಮಾಡಾಕೆ ಕಣವ್ವಾ. ಗುಂಡಿ ದೊಡ್ಡದಾಗೇ ಬೇಕಾಗ್ತದೆ."

ಮಾದವ್ವ ಕಿವಿ ಹಿಡಿದಳು, ತಿರುಗಿಸಿದಳು, ಎಳೆದುಕೊಂಡು ಬಂದಳು. ಸಿಕ್ಕಿದ ಜಾಗದಿಂದ ಮಾಳಿಗೆ ಮೆಟ್ಟಿಲ ತನಕ ಕಿವಿ ಬಿಡಲಿಲ್ಲ. "ಅಯ್ಯೋ ನನ್ನ ಮುತ್ತೇ, ನಿನ್ನ ತಲೆ ಒಳಗೆ ಏನೈತ್ಲಾ? ಆಟದಲ್ಲಿ ಸತ್ತಿದ್ದನ್ನ ಊರಾಚೆ ಹೊತ್ಕೊಂಡು ಹೋಯ್ತಾರೇನ್ಲಾ? ಅಲ್ಲೇ ಪಕ್ಕಕ್ಕಿಡು. ಸತ್ತೋರ ಬಗ್ಗೆ ಎಲ್ಡು ಒಳ್ಳೆ ಮಾತಾಡು, ಸುಮ್ಕಾಗು!"

"ಆಯ್ತವ್ವಾ, ಹಂಗೇ ಮಾಡ್ತೀನಿ."

ಫೈನಲ್ಲು! ಎದುರಿಗೆ ತ್ರಿವಿಕ್ರಮ, ಲಾಯರ ಮಗ, ಮೂರು ಸಲ ಗೆದ್ದವನು. ನಗಲ್ಲ, ಮಾತಿಲ್ಲ, ಕಣ್ಣು ಮಿಟುಕಿಸಲ್ಲ. ಅವನ ಕಟ್ಟಿನ ತುಂಬ ಬೆಂಕಿ ಮಂತ್ರ.

ಗುರುಮಲ್ಲ ನರಿ ಇಳಿಸಿದ. ತ್ರಿವಿಕ್ರಮ ಕಾರ್ಡು ಬಡಿದ. "ಬೆಂಕಿ. ನರಿ ಸತ್ತಿತು."

ಗುರುಮಲ್ಲ ಎದ್ದು ನಿಂತ, ಕೈ ಕಟ್ಟಿಕೊಂಡ. "ಈ ನರಿ ಬೋ ಒಳ್ಳೇದು. ಬಂದು ಅರೆ ಗಳಿಗೇನೂ ಆಗಿರಲಿಲ್ಲ. ಯಾರ ಮನೆ ಕೋಳೀನೂ ಕದಿಯಲಿಲ್ಲ." ನರಿಯನ್ನ ಪಕ್ಕಕ್ಕಿಟ್ಟು ಕೂತ.

"ಬೆಂಕಿ. ಕರಡಿ ಸತ್ತಿತು."

ಗುರುಮಲ್ಲ ಎದ್ದ. "ಈ ಕರಡಿ ಬೆಳಿಗ್ಗೆ ತುಳಿಸ್ಕೊಂಡಿತ್ತು. ಮೂತಿ ಸೊಟ್ಟಗಾದ್ರೂ ಒಂದು ಮಾತು ಅನ್ನಲಿಲ್ಲ. ಇನ್ಮೇಲೆ ಜೇನು ಯಾರು ತಿಂತಾರೆ?"

ಬೆಂಚಿನ ಮೇಲೆ ಮಲಗಿದ್ದ ಆರಾಧ್ಯರು ಮೂಗು ಒರೆಸಿಕೊಂಡರು.

ಆಮೇಲೆ ತೋಳದಣ್ಣತಮ್ಮ ಇಬ್ಬರೂ ನುಗ್ಗಿ ತ್ರಿವಿಕ್ರಮನ ಒಂದೇ ಒಂದು ಡ್ರ್ಯಾಗನ್ನನ್ನ ಕೆಡವಿದವು. ಸತ್ತೋರಲ್ಲಿ ಭೇದ ಮಾಡೋದುಂಟೇ? ಗುರುಮಲ್ಲ ಮತ್ತೆ ಎದ್ದ. "ಈ ಡ್ರ್ಯಾಗನ್ನು ನಮ್ಮ ಕಡೇದಲ್ಲ. ಹಲ್ಲು ನೋಡಿದ್ರೆ ಹೆದರಿಕೆ ಆಗ್ತಿತ್ತು. ಆದ್ರೂ ಅವರವ್ವನಿಗೆ ಅದೇ ಮುದ್ದು."

ತ್ರಿವಿಕ್ರಮ ತನ್ನ ಡ್ರ್ಯಾಗನ್ನನ್ನ ಮೆಲ್ಲಗೆ ಪಕ್ಕಕ್ಕಿಟ್ಟ. ಮೂರನೇ ಬೆಂಕಿ ಎತ್ತಿದ. ಎದುರಿಗೆ ಪುಟ್ಟ ಮೊಲ. ಗುರುಮಲ್ಲ ಆಗಲೇ ಎದ್ದು ಕೆಮ್ಮಿ ಗಂಟಲು ಸರಿ ಮಾಡಿಕೊಳ್ತಾ ಇದ್ದ. ತ್ರಿವಿಕ್ರಮ ಮೊಲ ನೋಡಿದ, ಗುರುಮಲ್ಲನನ್ನ ನೋಡಿದ.

"ಬೇಡ ಅಣ್ಣಾ, ಕೂತ್ಕೊಳ್ಳಿ. ನನ್ನ ಕೈಲಿ ಆಗಲ್ಲ!" ಬೆಂಕಿ ವಾಪಸ್ಸು ಹೋಯ್ತು.

ಅಲ್ಲಿಂದ ಆಚೆ ತ್ರಿವಿಕ್ರಮ ಒಂದನ್ನೂ ಕೊಲ್ಲಲಿಲ್ಲ. ಗುರುಮಲ್ಲನ ಕಡೆ ಹನ್ನೊಂದು ಪ್ರಾಣಿ, ತ್ರಿವಿಕ್ರಮನ ಕಡೆ ಸೊನ್ನೆ. ಅವನಿಗಿರೋದು ಇಪ್ಪತ್ತೇ ಉಸಿರು. ಒಂದು ಸಲ ನುಗ್ಗಿದರೆ ಆಟ ಮುಗೀತು! ಆದರೆ ಗುರುಮಲ್ಲನಿಗೆ ತೋಳದಣ್ಣತಮ್ಮ ನುಗ್ಗಿದ್ದೇ ಸಂಕಟ. ಹುಲಿ ಮೈ ಸವರುತ್ತಾ ಸುಮ್ಮನೆ ಕೂತ.

ಆರಾಧ್ಯರಿಗೆ ತಡೆಯೋಕಾಗಲಿಲ್ಲ. ಬೆಂಚಿನಿಂದಲೇ ಅರಚಿದರು. "ಎಂಥಾ ಪೆದ್ದನಯ್ಯಾ ನೀನು! ಎಲ್ಲಾನೂ ಕಟ್ಟಿಹಾಕ್ಕೊಂಡು ಕೂತಿದ್ದೀಯಲ್ಲ! ಬಿಡಯ್ಯಾ ಪ್ರಾಣಿಗಳನ್ನ! ಒಟ್ಟಿಗೆ ಬಿಟ್ಟುಬಿಡು!"

"ಬಿಡು! ಬಿಡು!" ಲಾವಣ್ಯ ಕೂಗಿದಳು. "ಬಿಡು! ಬಿಡು!" ಮಾಳಿಗೆಗೆ ಮಾಳಿಗೆಯೇ ಕೂಗಿತು.

ಗುರುಮಲ್ಲನ ಮುಖ ಅರಳಿತು. ಅವನ ಮನಸ್ಸಲ್ಲಿದ್ದದ್ದೂ ಅದೇ! ಪಾಪ, ಬೆಳಿಗ್ಗೆಯಿಂದ ಹೊಡೆದಾಡಿ ಹೊಡೆದಾಡಿ ಸುಸ್ತಾಗಿವೆ. ಹನ್ನೊಂದನ್ನೂ ಬಾಚಿಕೊಂಡ, ಬಾಲ್ಕನಿಗೆ ಓಡಿದ, ಎರಡೂ ಕೈ ಚಾಚಿದ.

"ಹೋಗ್ರಪ್ಪಾ! ಎಲ್ಲಾರೂ ಹೋಗಿ! ಮೇಯ್ಕೊಂಡು ಸುಖವಾಗಿರಿ!"

ಬಿಟ್ಟುಬಿಟ್ಟ!

ಹಾರಿದವು ಪ್ರಾಣಿಗಳು! ಮೊಲ ಹೂವಿನವಳ ಬುಟ್ಟಿಗೆ ಬಿತ್ತು. ತೋಳ ಆಟೋ ಮೇಲೆ, ಅದರ ತಮ್ಮ ಆಟೋ ಒಳಗೆ. ಗಿಡುಗ ಸುತ್ತಿ ಸುತ್ತಿ ಕರೆಂಟು ಕಂಬದ ಬುಡಕ್ಕೆ. ಹುಲಿ ಮಾತ್ರ ನೆಟ್ಟಗೆ ಇಳಿದು ಮಾದವ್ವನ ಕಡಲೆಹಿಟ್ಟಿನೊಳಗೆ ಮುಳುಗಿತು. "ಯವ್ವಾ, ಹುಲಿ!" ಅಂತ ಮಾದವ್ವ ಕಿರುಚಿದ್ದಕ್ಕೆ ಬೋಂಡ ತಿಂತಿದ್ದ ಮೂವರು ಎದ್ದು ಓಡಿದರು.

ಮಾಳಿಗೆ ಮೇಲೆ ತ್ರಿವಿಕ್ರಮ, ನಗದೇ ಇದ್ದ ತ್ರಿವಿಕ್ರಮ, ಮೇಜಿಗೆ ತಲೆ ಕೊಟ್ಟು ನಗೋಕೆ ಶುರು ಮಾಡಿದ. ಕಣ್ಣಲ್ಲಿ ನೀರು ಬರೋ ತನಕ ನಕ್ಕ. ಆಟದ ಮಧ್ಯೆ ಕಾರ್ಡು ಮಾಳಿಗೆಯಿಂದಾಚೆ ಹೋದರೆ ಸೋತ ಹಾಗೆ, ಅದು ನಿಯಮ. ಬಹುಮಾನ ತ್ರಿವಿಕ್ರಮನಿಗೇ ಹೋಯ್ತು. ಅವನು ಮಾತ್ರ ಗುರುಮಲ್ಲನ ಹೆಗಲ ಮೇಲೆ ಕೈ ಹಾಕಿ, "ಬರೋ ತಿಂಗಳೂ ಬನ್ನಿ ಅಣ್ಣಾ" ಅಂದ.

ಸುಂದರಣ್ಣ ಬೈಯೋಕೆ ಬಾಯಿ ತೆರೆದ. ಸುತ್ತ ನೋಡಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗ್ತಾ ಇದ್ದಾರೆ. ಮೂರು ಆಟ, ಒಂದು ಜಗಳ ಇಲ್ಲ. ಬಾಯಿ ಮುಚ್ಚಿದ. "ನಾಳೆ ಒಂಬತ್ತಕ್ಕೆ ಬಾ. ಕೆಲಸ ನಿಂದೇ. ಆದರೆ ಈಗಲೇ ಕೆಳಗೆ ಹೋಗು. ಬೀದೀಲಿರೋ ಪ್ರಾಣಿಗಳನ್ನೆಲ್ಲ ಹಿಡಿದು ಮೇಲೆ ತಗೊಂಡು ಬಾ. ಒಂದೇ ಒಂದು ತಪ್ಪಿಸ್ಕೋಬಾರದು, ತಿಳೀತಾ?"

"ತಿಳೀತು ಸುಂದರಣ್ಣ!"

ಕೆಳಗೆ ಮಾದವ್ವ ಕಾರ್ಡೆಲ್ಲ ಆರಿಸಿ, ಹುಲಿ ತೊಳೆದು, ತಟ್ಟೇಲಿ ಇಟ್ಟಿದ್ದಳು. ಕೆಲಸದ ಸುದ್ದಿ ಕೇಳಿ ಸೆರಗಿಂದ ಕಣ್ಣೊರೆಸಿಕೊಂಡಳು. "ಹನ್ನೊಂದೂ ಅವೆ, ತಗೊಂಡು ಹೋಗ್ಲಾ. ಸುಂದರಣ್ಣ ಏನಂದ್ರೋ ಅಷ್ಟೇ ಮಾಡು. ಹೆಚ್ಚಿಗೆ ಇಲ್ಲ, ಕಮ್ಮಿ ಇಲ್ಲ!"

"ಆಯ್ತವ್ವಾ, ಹಂಗೇ ಮಾಡ್ತೀನಿ."

ತಟ್ಟೆ ಕೈಲಿ ಹಿಡಿದು ಗುರುಮಲ್ಲ ಬೀದಿ ಈ ತುದಿಯಿಂದ ಆ ತುದಿವರೆಗೂ ಕಣ್ಣು ಹಾಯಿಸಿದ. ಮಾದವ್ವ ಇನ್ನೊಂದು ಸುತ್ತು ಬೋಂಡ ಬಿಡೋಕೆ ಒಲೆ ಕಡೆ ತಿರುಗಿದಳು.

ಕಾಲು ಗಂಟೆ ಆಗಿರಬೇಕು. ಮೇಲೆ ಸುಂದರಣ್ಣ ಕುರ್ಚಿ ಮಡಚ್ತಾ ಇದ್ದ. ಮೆಟ್ಟಿಲ ಮೇಲೆ ಟಕಟಕ ಸದ್ದು. ಮೊದಲು ಎರಡು ಮೇಕೆ ಬಂದವು. ಅವುಗಳ ಹಿಂದೆ ಬೀದಿನಾಯಿ, ಮೂರು ಮರಿ, ಹೂವಿನವಳ ಕತ್ತೆ. ಆರಾಧ್ಯರು ಸೊಂಟ ಮರೆತು ಬೆಂಚಿನ ಮೇಲೆ ಎದ್ದು ನಿಂತರು. ಕೊನೇಗೆ ಬಾಗಿಲಲ್ಲಿ ಗುರುಮಲ್ಲನ ತಲೆ ಕಂಡಿತು. ಒಂದು ಕಂಕುಳಲ್ಲಿ ಹುಂಜ, ಇನ್ನೊಂದರಲ್ಲಿ ಬೆಕ್ಕು, ಮೈಯೆಲ್ಲ ಬೆವರು, ಮುಖದ ತುಂಬ ಸಂತೋಷ.

"ಸುಂದರಣ್ಣಾ! ಒಂದೂ ತಪ್ಪಿಸ್ಕೊಂಡಿಲ್ಲ! ಎಮ್ಮೆ ಮಾತ್ರ ಮೆಟ್ಟಿಲ ತಿರುವಿನಲ್ಲಿ ಸಿಕ್ಕಾಕ್ಕೊಂಡೈತೆ. ಹಿಂದಿಂದ ಒಸಿ ನೂಕಾಕೆ ಬತ್ತೀರಾ?"

ಎಮ್ಮೆ ಅಲ್ಲಿ ತಿರುವಿನಲ್ಲಿ, ನಾವು ಇಲ್ಲಿ ಜಗಲೀಲಿ. ಕತೆ ಮುಗೀತು.