ಸರದಾರನಿಗೆ ನರಿ ಆರಿಸಿಕೊಟ್ಟ ಕಾರ್ಯಕ್ರಮ

ನೇರಳೆಕಟ್ಟೆ ಕಾಡು ಮುಗಿಯುವ ಕಡೆ ಒಂದು ಕೊಳವಿತ್ತು. ಕೊಳದ ಪಕ್ಕದಲ್ಲೇ ಅಂಬುಜಾಕ್ಷಿ ಟೀಚರ್ ಮನೆ. ಹಿತ್ತಿಲಲ್ಲಿ ಒಂಬತ್ತು ಕೋಳಿಗಳು, ಕಪಿಲೆ ಎಂಬ ಹಸು, ಪುಟ್ಟಕ್ಕ ಎಂಬ ಬಾತುಕೋಳಿ. ಇವರೆಲ್ಲರನ್ನೂ ಕಾಯಲು ಸರದಾರ ಎಂಬ ನಾಯಿ.

ಮಕ್ಕಳೇ, ಈ ಸರದಾರ ಮೊದಲಿನಿಂದಲೂ ದಡ್ಡನೇನಲ್ಲ. ಎಲೆ ಅಲುಗಿದರೂ ಬೊಗಳುತ್ತಿದ್ದ. ಅವನ ಬೊಗಳಿಕೆ ಕೇಳಿದರೆ ಕಾಡಿನ ನರಿ ಕೊಳದ ಆಚೆಗೇ ನಿಂತುಬಿಡುತ್ತಿತ್ತು. ಹೀಗೆ ಎಲ್ಲವೂ ಚೆನ್ನಾಗಿ ನಡೆಯುತ್ತಿತ್ತು. ಅದೇ ತೊಂದರೆ. ಎಲ್ಲವೂ ಚೆನ್ನಾಗಿದ್ದರೆ ಮನುಷ್ಯರಿಗೆ ನಿದ್ದೆ ಬರುವುದಿಲ್ಲ.

ಒಂದು ಭಾನುವಾರ ಟೀಚರ್ ಪತ್ರಿಕೆಯಲ್ಲಿ ಒಂದು ಲೇಖನ ಓದಿದರು. ಮನೆಯಲ್ಲಿ ಒಂಟಿಯಾಗಿರುವ ನಾಯಿಗೆ ಬೇಸರವಾಗುತ್ತದೆ, ಅದಕ್ಕೆ ಟಿವಿ ಹಾಕಿಡಬೇಕು ಎಂದು ಅದರಲ್ಲಿತ್ತು. ಒಂಬತ್ತು ಕೋಳಿ, ಒಂದು ಬಾತು, ಒಂದು ಹಸುವಿನ ನಡುವೆ ಇರುವವನು ಒಂಟಿ ಹೇಗಾದ ಎಂದು ಅವರು ಯೋಚಿಸಲಿಲ್ಲ. ಪತ್ರಿಕೆಯಲ್ಲಿ ಬಂದ ಮೇಲೆ ಯೋಚಿಸುವುದೇನಿದೆ?

ಸೋಮವಾರ ಶಾಲೆಗೆ ಹೊರಡುವಾಗ ನಡುಮನೆಯ ಟಿವಿ ಹಾಕಿದರು. ಹರಿಯುವ ನದಿ, ಹಿನ್ನೆಲೆಯಲ್ಲಿ ಕೊಳಲು. "ನೋಡ್ಕೋ ಕಂದಾ, ಮನಸ್ಸಿಗೆ ಹಿತವಾಗಿರುತ್ತೆ" ಎಂದರು. ರಿಮೋಟನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಹಿತ್ತಿಲ ಬಾಗಿಲು ತೆರೆದಿಟ್ಟು ಹೋದರು.

ಸರದಾರ ಟಿವಿಗೆ ಮುಖ, ಹಿತ್ತಿಲಿಗೆ ಬೆನ್ನು ಮಾಡಿ ಕುಳಿತ. ನದಿ ಹರಿಯಿತು. ಇನ್ನೂ ಹರಿಯಿತು. ಅವನಿಗೆ ನಿದ್ದೆ ಬಂತು.

ಮರುದಿನ ನೆರೆಯವರನ್ನು ಕೇಳಿದ. "ನನ್ನಂಥವನು ಏನು ನೋಡಬೇಕು, ನೀವೇ ಹೇಳಿ."

"ಕೃಷಿ ಕಾರ್ಯಕ್ರಮ ನೋಡು" ಎಂದಿತು ಕಪಿಲೆ. "ನಿನ್ನೆ ಸಂಜೆ ಟೀಚರ್ ಹಾಕಿದಾಗ ಬಾಗಿಲಿಂದ ಇಣುಕಿದೆ. ಮೇವಿನ ಜೋಳ ಎಷ್ಟು ಎತ್ತರ ಬೆಳೆದಿತ್ತು ಗೊತ್ತಾ! ನೋಡಿದರೇ ಹೊಟ್ಟೆ ತುಂಬುತ್ತೆ."

"ಅಡುಗೆ ನೋಡು" ಎಂದಿತು ಪಕ್ಕದ ಮನೆಯ ಬೆಕ್ಕು. "ಮೀನು ಹುರಿಯೋ ದಿನ ನನ್ನನ್ನೂ ಕರಿ."

ಪುಟ್ಟಕ್ಕ ರೆಕ್ಕೆ ಕೊಡವಿ ಹೇಳಿದಳು, "ಟಿವಿ ಯಾಕಪ್ಪಾ? ಬೇಲಿ ಕೆಳಗೆ ಒಂದು ತೂತು ಬಿದ್ದಿದೆ. ಅದನ್ನ ನೋಡು ಬಾ."

"ಅಕ್ಕಾ, ನಿಂಗೆ ಒಂಚೂರೂ ಅಭಿರುಚಿ ಇಲ್ಲ" ಎಂದ ಸರದಾರ. ಎರಡು ದಿನ ಟಿವಿ ನೋಡಿದವನಿಗೆ ಅಭಿರುಚಿ ಬರದೆ ಇರುತ್ತದೆಯೇ?

ಆಗ ಕಿಟಕಿಯ ಹೊರಗಿಂದ ಒಂದು ಮೃದುವಾದ ದನಿ ಬಂತು. "ಇವರೆಲ್ಲ ತಮಗೆ ಬೇಕಾದ್ದನ್ನೇ ಹೇಳಿದರು, ಸರದಾರರೇ. ನಿಮಗೇನು ಇಷ್ಟ ಅಂತ ಒಬ್ಬರಾದರೂ ಕೇಳಿದರಾ?"

ನರಿ! ಸರದಾರ ಹಲ್ಲು ಮಸೆದ.

"ಅಯ್ಯೋ, ನಾನು ಕೋಳಿಗೆ ಬಂದವನಲ್ಲ. ಈಗೀಗ ಬರೀ ಸೊಪ್ಪು, ಹಣ್ಣು. ಕಲಾರಸಿಕರು ಯಾರೋ ಇಲ್ಲಿದ್ದಾರೆ ಅಂತ ಕೇಳಿ ಬಂದೆ. ನಿಮಗೇನಿಷ್ಟ, ಹೇಳಿ."

'ಸರದಾರರೇ' ಎಂದು ಅವನನ್ನು ಇದುವರೆಗೆ ಯಾರೂ ಬಹುವಚನದಲ್ಲಿ ಕರೆದಿರಲಿಲ್ಲ. ಮಸೆದ ಹಲ್ಲು ತಾನಾಗಿ ಒಳಗೆ ಹೋಯಿತು.

"ನಂಗೆ... ಒಬ್ಬ ಧೀರ ನಾಯಿಯ ಕತೆ ನೋಡೋ ಆಸೆ."

"ಅಂದುಕೊಂಡೆ! ದೊಡ್ಡವರ ಆಸೆಯೂ ದೊಡ್ಡದೇ" ಎಂದ ನರಿ, ಕಂಬಿಯೊಳಗೆ ಕಾಲು ತೂರಿಸಿ ರಿಮೋಟಿನ ಗುಂಡಿಗಳನ್ನು ಒಂದೊಂದಾಗಿ ಒತ್ತಿತು. ರಿಮೋಟ್ ಒತ್ತಲು ಉಗುರಿದ್ದರೆ ಸಾಕು, ವಿದ್ಯೆ ಬೇಕಿಲ್ಲ. ಪರದೆಯ ಮೇಲೆ ಪೊಲೀಸ್ ನಾಯಿಯೊಂದು ಹಾರಿ ಬಂತು. ಕಳ್ಳನ ಪ್ಯಾಂಟು ಹರಿಯಿತು. ಸರದಾರನ ಬಾಲ ನೆಲ ಗುಡಿಸಿತು.

ಅಂದಿನಿಂದ ದಿನವೂ ನರಿಯೇ ಬಂದು ಕಾರ್ಯಕ್ರಮ ಆರಿಸಿಕೊಡುತ್ತಿತ್ತು. "ದನಿ ಸ್ವಲ್ಪ ಜೋರಾಗಿರಲಿ. ಆಗಲೇ ಮಜಾ" ಎಂದು ಅದನ್ನೂ ಏರಿಸುತ್ತಿತ್ತು. ಆಮೇಲೆ ಸೊಪ್ಪು ತಿನ್ನಲು ಹೋಗುತ್ತಿತ್ತು. ಸೊಪ್ಪು ಎಲ್ಲಿತ್ತೆಂದರೆ, ಬೇಲಿಯ ತೂತಿನ ಹಿಂದೆ, ಕೋಳಿಗೂಡಿನ ಒಳಗೆ.

ಮೊದಲು ಕೆಂಪು ಕೋಳಿ ಕಾಣೆಯಾಯಿತು. ಎರಡು ದಿನ ಕಳೆದು ಚುಕ್ಕಿ ಕೋಳಿ. ಟೀಚರ್ ಗಣಿತ ಕಲಿಸುವವರು, ಆದರೆ ಮನೆಗೆ ಬಂದ ಮೇಲೆ ಎಣಿಸುವ ಅಭ್ಯಾಸ ಅವರಿಗಿರಲಿಲ್ಲ. ಎಲ್ಲೋ ಪೊದೆಯಲ್ಲಿ ಕಾವಿಗೆ ಕೂತಿರಬೇಕು ಎಂದುಕೊಂಡರು.

ಪುಟ್ಟಕ್ಕ ಮಾತ್ರ ಎಣಿಸುತ್ತಿದ್ದಳು. ಒಂಬತ್ತು ಕೋಳಿ ನಾಲ್ಕಾದ ದಿನ ಅವಳು ನಡುಮನೆಗೇ ನುಗ್ಗಿದಳು.

"ಸರದಾರಾ, ಐದು ಜನ ಹೋದರು! ನೀನು ಏನು ಮಾಡ್ತಿದ್ದೀಯ?"

"ಶ್! ಬೆಳಗ್ಗೆಯಿಂದ ಏಳು ಕಳ್ಳರನ್ನ ಹಿಡಿದು ಸುಸ್ತಾಗಿದ್ದೀನಿ."

"ಹಿಡಿದದ್ದು ನೀನಲ್ಲ, ಪೆಟ್ಟಿಗೆಯೊಳಗಿನ ನಾಯಿ!"

"ನಾಯಿ ನಾಯಿಯೇ ತಾನೇ? ಅವನ ಕೀರ್ತಿಯಲ್ಲಿ ನನಗೂ ಪಾಲಿದೆ. ಸ್ವಲ್ಪ ಪಕ್ಕಕ್ಕೆ ಸರಿ, ಅಡ್ಡ ನಿಂತಿದ್ದೀಯ."

ಪುಟ್ಟಕ್ಕ ಹೊರಗೆ ಹೋದಳು. ಉಳಿದ ನಾಲ್ಕು ಕೋಳಿಗಳನ್ನು ಗೂಡಿನ ಮೂಲೆಗೆ ಕೂಡಿಸಿ, ತಾನು ಬಾಗಿಲಿಗೆ ಅಡ್ಡ ಕುಳಿತಳು. ಬಾತುಕೋಳಿಗೆ ಹಲ್ಲಿಲ್ಲ, ಚೂಪು ಉಗುರಿಲ್ಲ. ಆದರೂ ಕುಳಿತಳು. ಕಾಯುವವನು ಟಿವಿ ನೋಡುತ್ತಿದ್ದರೆ ಯಾರಾದರೂ ಕುಳಿತುಕೊಳ್ಳಲೇಬೇಕಲ್ಲ.

ಮರುದಿನ ಮಧ್ಯಾಹ್ನ, ಪರದೆಯ ನಾಯಿ ಕಳ್ಳನ ಮೇಲೆ ಇನ್ನೇನು ಹಾರಬೇಕು, ಕರೆಂಟು ಹೋಯಿತು.

ಟಿವಿ ಕಪ್ಪಾಯಿತು. ಆದರೆ ಸರದಾರ ಕಣ್ಣರಳಿಸಿದ. ಕಪ್ಪು ಪರದೆಯಲ್ಲಿ ಒಂದು ಹಿತ್ತಿಲು ಕಾಣುತ್ತಿತ್ತು. ಒಂದು ನರಿ, ಬಾತುಕೋಳಿಯೊಂದರ ರೆಕ್ಕೆ ಕಚ್ಚಿ, ಅವಸರವಿಲ್ಲದೆ ಎಳೆದುಕೊಂಡು ಹೋಗುತ್ತಿತ್ತು. ಬಾತುಕೋಳಿ ಕಿರುಚಿಕೊಳ್ಳುತ್ತಿತ್ತು.

"ಹೊಸ ಕಾರ್ಯಕ್ರಮ!" ಎಂದ ಸರದಾರ. "ಕರೆಂಟಿಲ್ಲದಿದ್ದರೂ ಬರ್ತಿದೆ. ದನಿಯಂತೂ ಹಿತ್ತಿಲಿಂದಲೇ ಬಂದ ಹಾಗಿದೆ!"

ಪರದೆಯ ಮುಂಭಾಗದಲ್ಲಿ ಒಂದು ನಾಯಿಯೂ ಇತ್ತು. ದಪ್ಪಗೆ ಊದಿಕೊಂಡು, ನರಿಗೆ ಬೆನ್ನು ಹಾಕಿ ಕುಳಿತಿತ್ತು.

"ಥೂ, ಇದೆಂಥ ನಾಯಿ!" ಎಂದು ಸರದಾರ ರೇಗಿದ. "ಹಿಂದೆ ಆ ಹೆಣ್ಣುಜೀವ ಕೂಗ್ತಿದೆ, ಇವನು ಮೂಟೆ ಥರ ಕೂತಿದ್ದಾನೆ. ಇವನಿಗೆ ಅನ್ನ ಹಾಕಿದವರು ಯಾರು? ಹಿಂದೆ ತಿರುಗೋ, ಮುಟ್ಠಾಳಾ!"

ಪರದೆಯ ನಾಯಿಯೂ ಅದೇ ಹೊತ್ತಿಗೆ ಬಾಯಿ ತೆರೆಯಿತು. ಸರದಾರ ಸುಮ್ಮನಾದ. ಅದೂ ಸುಮ್ಮನಾಯಿತು. ಅವನು ಬಲಗಿವಿ ಎತ್ತಿದ. ಅದೂ ಒಂದು ಕಿವಿ ಎತ್ತಿತು.

ಸರದಾರ ತಿರುಗಿ ಓಡಿದ.

ಓಡಿದ ಎನ್ನುವುದು ಗೌರವಕ್ಕೆ. ವಾರಗಟ್ಟಲೆ ಕೂತ ಮೈ, ಹೊಟ್ಟೆ ಒಂದು ಕಡೆ, ಕಾಲು ಒಂದು ಕಡೆ. ಬೊಗಳಲು ಹೋದರೆ ಕೆಮ್ಮು ಬಂತು. ನರಿ ತಿರುಗಿ ನೋಡಿತೇ ಹೊರತು ಹೆದರಲಿಲ್ಲ. ಆದರೆ ಹಾಗೆ ತಿರುಗಿದ್ದೇ ಅದಕ್ಕೆ ಮುಳುವಾಯಿತು. ಬೇಲಿಯ ಬಳಿ ಕಟ್ಟಿದ್ದ ಕಪಿಲೆ ಹಿಂಗಾಲು ಎತ್ತಿ ಬಲವಾಗಿ ಒಂದು ಒದೆ ಕೊಟ್ಟಿತು. ನರಿಯ ಬಾಯಿ ತೆರೆಯಿತು, ಪುಟ್ಟಕ್ಕ ಕೆಳಗೆ ಬಿದ್ದಳು. ನರಿ ಕುಂಟುತ್ತ ತೂತಿನಿಂದ ಪಾರಾಯಿತು. ಬೆನ್ನಟ್ಟಿ ಬಂದ ಸರದಾರ ಅದೇ ತೂತಿಗೆ ತಲೆ ತೂರಿಸಿ, ಹೊಟ್ಟೆಯ ಹತ್ತಿರ ಸಿಕ್ಕಿಬಿದ್ದ.

ಸಂಜೆ ಟೀಚರ್ ಬಂದರು. ಚೆದುರಿದ ಪುಕ್ಕ ನೋಡಿದರು, ಗಾಯಗೊಂಡ ಬಾತು ನೋಡಿದರು, ತೂತಿನಲ್ಲಿ ತುಂಬಿಕೊಂಡ ನಾಯಿ ನೋಡಿದರು.

"ಅಯ್ಯೋ ನನ್ನ ಬಂಗಾರಾ!" ಎಂದು ಕಣ್ಣೀರು ಹಾಕಿದರು. "ಮೈಯನ್ನೇ ಅಡ್ಡ ಕೊಟ್ಟು ಕಳ್ಳದಾರಿ ಮುಚ್ಚಿದ್ದೀಯಲ್ಲೋ!"

ಅವನನ್ನು ಎಳೆದು ತೆಗೆದು, ಬಿಸಿ ಹಾಲು ಕುಡಿಸಿ, ಮುಂದಿನ ಭಾನುವಾರವೇ ಇನ್ನೂ ದೊಡ್ಡ ಟಿವಿ ತಂದರು. ಒದ್ದ ಕಪಿಲೆಗೆ ಎಂದಿನ ಹುಲ್ಲೇ ಸಿಕ್ಕಿತು.

ಹೊಸ ಟಿವಿಯಲ್ಲಿ ನದಿ ಹರಿಯುತ್ತಿರಲು ಸರದಾರ ಮೆಲ್ಲಗೆ ಗೂಡಿನ ಬಳಿ ಹೋದ. ಪುಟ್ಟಕ್ಕ ಹರಿದ ರೆಕ್ಕೆಯನ್ನು ಕೊಕ್ಕಿನಿಂದ ಸರಿಮಾಡಿಕೊಳ್ಳುತ್ತಿದ್ದಳು. ನಾಲ್ಕು ಕೋಳಿಗಳು ಅವನನ್ನು ಕಂಡು ಹಿಂದೆ ಸರಿದವು.

"ಅಕ್ಕಾ, ತಪ್ಪಾಯ್ತು. ಐದು ಜನ... ನನ್ನಿಂದಲೇ..." ಎನ್ನುತ್ತ ಅವನು ತಲೆ ತಗ್ಗಿಸಿದ.

ಪುಟ್ಟಕ್ಕ ರೆಕ್ಕೆಯಿಂದ ಕೊಕ್ಕು ತೆಗೆದಳು.

"ಸಾಕು. ಅಳೋದಾದರೂ ಬೇಲಿ ಕಡೆ ಮುಖ ಮಾಡಿ ಅಳು" ಎಂದಳು.

ಸರದಾರ ತಿರುಗಿ ಕುಳಿತ.

ನೀತಿ: ನಮಗೆ ಹಿತವಾದದ್ದನ್ನೇ ದಿನವೂ ಆರಿಸಿ ತೋರಿಸುವವನಿಗೆ, ನಾವು ಬೇರೆ ಕಡೆ ನೋಡದಿರುವುದರಿಂದಲೇ ಲಾಭ.