ಉಣ್ಣಿಯ ಕನಿಕರ

ಒರಟು ಕೂದಲಿನ ಗಿಡ್ಡ ಬೇಟೆನಾಯಿಯ ಮುಂಗಾಲ ಬೆರಳ ಸಂದಿಯಲ್ಲಿ ಉಣ್ಣಿಯೊಂದು ಕಚ್ಚಿಕೊಂಡಿತ್ತು. ಬಾಚಣಿಗೆ ಹತ್ತಿರ ಬಂದಾಗಲೆಲ್ಲ ಉಣ್ಣಿ, "ಅಣ್ಣಾ, ಒಪ್ಪಬೇಡ. ಸಿಕ್ಕು ಬಿಡಿಸಿದರೆ ನಿನಗೆ ನೋವಾಗುತ್ತದೆ. ಅದನ್ನು ನೋಡಿ ನನಗೆ ಅಳು ಬರುತ್ತದೆ. ಈ ಗಂಟುಗಟ್ಟಿದ ಕೂದಲೇ ನಿನ್ನ ಕುಲದ ಗೌರವ" ಎನ್ನುತ್ತಿತ್ತು.

ನಾಯಿ ನಂಬಿತು. ತಿಂಗಳು ಕಳೆಯುವಷ್ಟರಲ್ಲಿ ಅದಕ್ಕೆ ಮೊಲದ ಹಿಂದೆ ಓಡಲೂ ತ್ರಾಣ ಉಳಿಯಲಿಲ್ಲ.

ಬಾಚಣಿಗೆ ಹೇಳಿತು: "ನೋವಾಗುವುದು ನಿಜ, ನಾನು ಸುಳ್ಳಾಡುವುದಿಲ್ಲ. ಆದರೆ ಊರೆಲ್ಲ ಮೂಸುವ ನೀನು ನಿನ್ನ ಗೆಳೆಯನನ್ನು ಒಮ್ಮೆಯಾದರೂ ಮೂಸಿದ್ದೀಯಾ?"

ನಾಯಿ ಬಗ್ಗಿ ಮೂಸಿತು. ಉಣ್ಣಿಯ ಮೈಯೆಲ್ಲ ತನ್ನದೇ ರಕ್ತದ ವಾಸನೆ.

"ನನಗಾಗಿ ಅತ್ತೂ ಅತ್ತೂ ಹೊಟ್ಟೆ ಚೆನ್ನಾಗಿಯೇ ಬೆಳೆಸಿದ್ದೀಯಪ್ಪ" ಎಂದು ನಕ್ಕ ನಾಯಿ, ಬಾಚಣಿಗೆಯತ್ತ ಕಾಲು ಚಾಚಿತು. "ಅಕ್ಕಾ, ಇವನಿಂದಲೇ ಶುರು ಮಾಡು."