ಆರದ ನೀರು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಹಿರಿಯರು ಹೇಳಿದ ಯಾವುದನ್ನೂ ನಾನು ಹಾಗೆಯೇ ಒಪ್ಪಲಿಲ್ಲ. ಒಂದೊಂದನ್ನೂ ಸಂಶಯದಿಂದ ನೋಡಿದೆ. ಈಗ ನಂಬುವುದಕ್ಕೆ ಏನೂ ಉಳಿದಿಲ್ಲ. ಕೂತಲ್ಲಿ ಕೂರಲಾಗದು, ಮಲಗಿದರೆ ನಿದ್ದೆ ಬಾರದು. ಸಂಶಯಪಟ್ಟದ್ದೇ ತಪ್ಪಾಯಿತೆ?"

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ರೈತನ ಹೆಂಡತಿ ಹೊಲದ ಆಳುಗಳಿಗೆಲ್ಲ ರಾಗಿ ಅಂಬಲಿ ಕೊಡುತ್ತಿದ್ದಳು. ಗಂಜಿ ಕಾಯಿಸುವಳು, ಹಿತ್ತಲ ಬಾವಿಯಿಂದ ಸೇದಿದ ನೀರನ್ನು ಹಾಗೆಯೇ ಹೊಯ್ದು ತೆಳ್ಳಗೆ ಮಾಡುವಳು, ಹಿಂದಿನ ಅಂಬಲಿಯಿಂದ ತೆಗೆದಿಟ್ಟ ಹುಳಿ ಬೆರೆಸಿ ಗಡಿಗೆಯ ಬಾಯಿಗೆ ಬಟ್ಟೆ ಕಟ್ಟುವಳು. ತಣ್ಣೀರು ಬಿದ್ದೊಡನೆ ಗಂಜಿ ಆರುತ್ತಿದ್ದುದರಿಂದ ಆರಲೆಂದು ಕಾದು ಕೂರುವ ಕೆಲಸವೇ ಇರಲಿಲ್ಲ. ಬೆಳಗಾಗುವಷ್ಟರಲ್ಲಿ ಹದವಾಗಿ ಹುಳಿ ಬಂದಿರುತ್ತಿತ್ತು. ಅತ್ತೆ ಹಾಗೆ ಮಾಡುತ್ತಿದ್ದಳು, ಸೊಸೆಯೂ ಹಾಗೆ ಮಾಡಿದಳು.

ಒಂದು ಕೊಯ್ಲಿನಲ್ಲಿ ಆಳು ಹೆಂಗಸೊಬ್ಬಳಿಗೆ ವಾಂತಿಭೇದಿ ಹತ್ತಿತು. ಉಳಿಯುವುದೇ ಅನುಮಾನವೆಂಬಂತಾಯಿತು. ಅಂಬಲಿಯಿಂದ ಆಯಿತೆಂದು ಯಾರೂ ಹೇಳಲಿಲ್ಲ. ರೈತನ ಹೆಂಡತಿಯ ಮನಸ್ಸಿಗೆ ಮಾತ್ರ ಬಾವಿಯ ಯೋಚನೆ ಹೊಕ್ಕಿತು. ಹೊಕ್ಕದ್ದು ಹೊರಗೆ ಹೋಗಲಿಲ್ಲ. ನೀರು ಸೇದಿ ಬೆಳಕಿಗೆ ಹಿಡಿದು ನೋಡುವಳು. ಮೂಸುವಳು. ಚೆಲ್ಲಿ ಮತ್ತೆ ಸೇದುವಳು. ನೀರು ಎಂದಿನಂತೆಯೇ ಇತ್ತು, ಅದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಕುಡಿಯುವವರ ಮುಖವನ್ನೇ ನೋಡುತ್ತ ನಿಲ್ಲುವಳು. ಯಾರಾದರೂ ಕೆಮ್ಮಿದರೆ ಓಡಿಹೋಗಿ ವಿಚಾರಿಸುವಳು.

ಕಡೆಗೆ ಆ ನೀರನ್ನೂ ಕುದಿಸತೊಡಗಿದಳು. ಕುದಿ ನೀರಿಗೇ ಹಿಟ್ಟು ತಿರುವಿ, ಪಾತ್ರೆ ಒಲೆಯ ಮೇಲಿರುವಾಗಲೇ ಹುಳಿಯನ್ನೂ ಸುರಿದಳು. ಬೆಳಿಗ್ಗೆ ನೋಡಿದರೆ ಬರೀ ಸಪ್ಪೆ ಗಂಜಿ. ಕುದಿದದ್ದು ಸಾಲಲಿಲ್ಲವೇನೋ ಎಂದು ಮರುದಿನ ಇನ್ನಷ್ಟು ಕುದಿಸಿದಳು. ಮನೆಯಲ್ಲಿದ್ದ ಹುಳಿಯೆಲ್ಲ ಹೀಗೆ ತೀರಿತು. ಆಳುಗಳು ಒಂದು ಗುಟುಕು ಕುಡಿದು, ಅವಳು ನೊಂದುಕೊಂಡಾಳೆಂದು ಬದುವಿನ ಮರೆಗೆ ಹೋಗಿ ಚೆಲ್ಲಿದರು. ಅವಳು ಅದನ್ನು ಕಂಡಳು. "ಮೊದಲಿನ ಹಾಗೇ ಮಾಡು" ಎಂದ ಗಂಡ. ಅವಳಿಗೆ ಕೈ ಬರಲಿಲ್ಲ.

ಅಷ್ಟರಲ್ಲಿ ಕಾಯಿಲೆಯ ಹೆಂಗಸು ಎದ್ದು ಓಡಾಡುವಂತಾದಳು. ಮೆಲ್ಲಗೆ ಬಂದು ಹಿತ್ತಲ ಬಾಗಿಲಲ್ಲಿ ಕೂತು, ಬಾಯಿ ಕೆಟ್ಟಿದೆ, ಒಂದಿಷ್ಟು ಅಂಬಲಿ ಕೊಡು ಎಂದಳು. ರೈತನ ಹೆಂಡತಿ ಅಳುತ್ತ ಎಲ್ಲವನ್ನೂ ಹೇಳಿಕೊಂಡಳು.

"ನನಗೆ ಎಲ್ಲಿಂದ ಬಂತೋ, ಯಾರಿಗೆ ಗೊತ್ತು ತಾಯಿ" ಎಂದಳು ಆ ಹೆಂಗಸು. "ನೀರು ಕಾಯಿಸಿದ್ದು ಒಳ್ಳೆಯದೇ ಆಯಿತು. ಆದರೆ ಕುದಿಗೆ ಹುಳಿ ಸಾಯುತ್ತದೆ, ಆರಿದ ಮೇಲೆ ಹಾಕಬಾರದಿತ್ತೆ?"

"ಆರುವ ತನಕ ಬಿಟ್ಟರೆ ಅಷ್ಟರಲ್ಲಿ ಅದಕ್ಕೆ ಮತ್ತೇನು ಸೇರುವುದೋ ಎಂದು ಭಯ."

"ಮುಚ್ಚಿಡು. ನಾನೂ ಜೊತೆಗೆ ಕೂತಿರುತ್ತೇನೆ."

ಆ ಹೆಂಗಸು ತನ್ನ ಮನೆಯಿಂದ ಒಂದು ಲೋಟ ಹುಳಿ ತರಿಸಿದಳು. ನೀರು ಕುದಿಯಿತು, ಗಂಜಿಯಾಯಿತು. ರೈತನ ಹೆಂಡತಿ ಪಾತ್ರೆ ಇಳಿಸಿ ಮುಚ್ಚಿ, ಪಕ್ಕದಲ್ಲಿ ಕೂತಳು. ಮತ್ತೆ ಒಲೆಗೇರಿಸಲು ಎದ್ದಾಗಲೆಲ್ಲ ಇನ್ನೊಬ್ಬಳು ಅವಳ ಸೆರಗು ಹಿಡಿದು ಕೂರಿಸಿದಳು. ಪಾತ್ರೆ ಮುಟ್ಟಿದರೆ ಕೈ ಸುಡದಂತಾದ ಮೇಲೆ ಹುಳಿ ಬೆರೆಸಿದರು.

ಬೆಳಿಗ್ಗೆ ಗಡಿಗೆಯ ಬಟ್ಟೆ ಬಿಚ್ಚಿದಾಗ ಅಂಬಲಿ ಹುಳಿ ಬಂದು ಗುಳ್ಳೆ ಎದ್ದಿತ್ತು. ಕಾಯಿಲೆಯಿಂದ ಎದ್ದವಳು ಲೋಟ ಬರಿದು ಮಾಡಿ ಮತ್ತೆ ಮುಂದೆ ಹಿಡಿದಳು. ರೈತನ ಹೆಂಡತಿ ಅವಳ ಮುಖವನ್ನೊಮ್ಮೆ ನೋಡಿದಳು. ಮತ್ತೆ ಲೋಟ ತುಂಬ ಹೊಯ್ದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಬಾವಿಯ ನೀರು ನಿಜವಾಗಿಯೂ ಕೆಟ್ಟಿತ್ತೆ, ಇಲ್ಲವೆ? ಅದನ್ನು ಹೇಳಲೇ ಇಲ್ಲ" ಎಂದ.

"ಅದು ಅವಳಿಗೆ ಕಡೆಗೂ ತಿಳಿಯಲಿಲ್ಲ, ಆದರೂ ಪಾತ್ರೆಯನ್ನು ಒಲೆಯಿಂದ ಇಳಿಸಿದಳು" ಎಂದರು ಗುರುಗಳು. "ನೀನೂ ಸಂಶಯಪಟ್ಟು ಕುದಿಸಿದ್ದು ತಪ್ಪಲ್ಲ, ಇನ್ನು ಇಳಿಸಿ ಆರಲು ಬಿಡು."